ಒಂದೇ ಪಾತ್ರೆಯಲ್ಲಿ ಶೆಟ್ಲಿ ಪಾಸ್ತಾ

ಪಾಸ್ತಾ ಬೇಯಲು ಹನ್ನೆರಡು ನಿಮಿಷ ಬೇಕು, ಶೆಟ್ಲಿಗೆ (ಸಿಗಡಿಗೆ) ಮೂರ್ನಾಲ್ಕು ನಿಮಿಷ ಸಾಕು. ಎರಡನ್ನೂ ಒಟ್ಟಿಗೆ ಹಾಕಿದರೆ ಶೆಟ್ಲಿ ರಬ್ಬರಾಗುತ್ತದೆ. ಪಾತ್ರೆ ಒಂದೇ ಆದರೂ ಯಾವುದು ಯಾವಾಗ ಒಳಗೆ ಹೋಗಬೇಕು ಎನ್ನುವುದರಲ್ಲೇ ಈ ಅಡುಗೆಯ ಹದವಿದೆ.

ಮೂವರಿಗೆ ತಲೆಸಮೇತ ಮಧ್ಯಮ ಗಾತ್ರದ ಶೆಟ್ಲಿ 400 ಗ್ರಾಂ ತನ್ನಿ. ಕಾರವಾರ, ಅಂಕೋಲಾ, ಕುಮಟಾದ ಮೀನುಪೇಟೆಯಲ್ಲಿ ತೂಗಿಸದೆ ಪಾಲು ಲೆಕ್ಕದಲ್ಲಿ ಕೊಳ್ಳುವುದಾದರೆ ಸುಮಾರು 25 ಎಣಿಸಿಕೊಳ್ಳಿ. ಸುಲಿಸಿಕೊಂಡು ಬಂದರೂ ತಲೆ, ಸಿಪ್ಪೆ ಬಿಟ್ಟು ಬರಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಪೆನ್ನೆಯಂಥ ಗಿಡ್ಡ ಪಾಸ್ತಾ 250 ಗ್ರಾಂ ಬೇಕು. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ಎಂದಿರಲಿ. ಮೈದಾದ್ದು ಈ ವಿಧಾನದಲ್ಲಿ ಅಂಟಿನ ಮುದ್ದೆಯಾಗುತ್ತದೆ. ಟೊಮೆಟೊ 3, ಈರುಳ್ಳಿ 1 (ಬೇಸಿಗೆಯಾದರೆ ಕುಮಟಾದ ಸಿಹಿ ಈರುಳ್ಳಿ), ಬೆಳ್ಳುಳ್ಳಿ 8 ಎಸಳು, ಹಸಿಮೆಣಸು 1, ಎಳೆ ಅಲಸಂದೆ ಕೋಡು 100 ಗ್ರಾಂ, ದೊಣ್ಣಮೆಣಸು 1, ಒಂದು ಹಿಡಿ ಹಸಿರು ಹರಿವೆ ಸೊಪ್ಪು. ಕೆಂಪು ಹರಿವೆ ಹಾಕಿದರೆ ಪಾಸ್ತಾ ಪೂರ್ತಿ ಗುಲಾಬಿ ಬಣ್ಣವಾಗುತ್ತದೆ.

ಶೆಟ್ಲಿಯ ಬೆನ್ನು ಸೀಳಿ ಕಪ್ಪು ನರ ತೆಗೆದು, ತೊಳೆದು, ಬಟ್ಟೆಯಲ್ಲಿ ಒತ್ತಿ ನೀರಾರಿಸಿ. ಕಾಲು ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ ಹಚ್ಚಿಡಿ. ಜೂನ್, ಜುಲೈನಲ್ಲಿ ಟ್ರಾಲ್ ದೋಣಿ ನಿಂತಾಗ ಐಸಿನ ಶೆಟ್ಲಿ ತಂದರೆ ನೀರಾರಿಸುವುದಕ್ಕೆ ಇನ್ನಷ್ಟು ಹೊತ್ತು ಕೊಡಿ. ಒದ್ದೆ ಶೆಟ್ಲಿ ಹುರಿಯುವುದಿಲ್ಲ, ತನ್ನ ನೀರಲ್ಲೇ ಬೆಂದು ಬಿಳಿಚಿಕೊಳ್ಳುತ್ತದೆ.

ದಪ್ಪ ತಳದ ಅಗಲ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ ತಲೆ, ಸಿಪ್ಪೆ ಹಾಕಿ, ಕೆಂಪಗಾಗುವವರೆಗೆ ಹುರಿಯಿರಿ. ಒಂದು ಲೀಟರ್ ನೀರು ಹೊಯ್ದು ಹತ್ತು ನಿಮಿಷ ಸಣ್ಣ ಕುದಿಯಲ್ಲಿಡಿ, ಸೌಟಿನ ಬೆನ್ನಿಂದ ತಲೆಗಳನ್ನು ಜಜ್ಜಿ ಸೋಸಿ. ಅರ್ಧ ಗಂಟೆ ಕುದಿಸಿದರೆ ರುಚಿ ಹೆಚ್ಚುವುದಿಲ್ಲ, ಕಹಿ ಬರುತ್ತದೆ. ಈ ನೀರು ಬಿಸಿಯಾಗೇ ಇರಲಿ.

ಅದೇ ಪಾತ್ರೆಗೆ ಎರಡು ದೊಡ್ಡ ಚಮಚ ಶೇಂಗಾ ಅಥವಾ ಆಲಿವ್ ಎಣ್ಣೆ ಹಾಕಿ, ದೊಡ್ಡ ಉರಿಯಲ್ಲಿ ಶೆಟ್ಲಿಯನ್ನು ಒಂದೊಂದು ಮಗ್ಗುಲು ಒಂದು ನಿಮಿಷ ಹುರಿಯಿರಿ. ಅಂಚು ಕೆಂಪಾಗಿ, ಮೈ ಅರ್ಧಚಂದ್ರದಂತೆ ಬಾಗಿ, ನಡುವೆ ಇನ್ನೂ ಗಾಜಿನ ಛಾಯೆ ಇರುವಾಗಲೇ ತೆಗೆದು ತಟ್ಟೆಗಿಡಿ. ಬಳೆಯಂತೆ ಸುತ್ತಿಕೊಂಡರೆ ಹದ ಮೀರಿದೆ ಎಂದರ್ಥ.

ಈಗ ಉರಿ ತಗ್ಗಿಸಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು ಬಾಡಿಸಿ. ಬೆಳ್ಳುಳ್ಳಿ ಕಂದಬಾರದು. ಹೆಚ್ಚಿದ ಟೊಮೆಟೊ ಹಾಕಿ ಕರಗುವವರೆಗೆ ನಾಲ್ಕು ನಿಮಿಷ ಬಿಡಿ. ಅಲಸಂದೆ, ಪಾಸ್ತಾ, ಮುಕ್ಕಾಲು ಚಮಚ ಉಪ್ಪು, 800 ಮಿಲಿ ಸಿಪ್ಪೆನೀರು ಸೇರಿಸಿ, ಕುದಿ ಬಂದ ಮೇಲೆ ಅರ್ಧ ಮುಚ್ಚಿ. ಮೊದಲ ಮೂರು ನಿಮಿಷ ಕೈ ಬಿಡದೆ ತಳ ಕೆರೆದು ತಿರುವಿ, ಪಾಸ್ತಾ ಒಂದಕ್ಕೊಂದು ಅಂಟುವುದು ಆಗಲೇ. ಎಂಟನೇ ನಿಮಿಷಕ್ಕೆ ದೊಣ್ಣಮೆಣಸು ಹಾಕಿ. ಹತ್ತನೇ ನಿಮಿಷದಿಂದ ಒಂದೊಂದು ತುಂಡು ಕಚ್ಚಿ ನೋಡಿ. ನಡುವಿನ ಬಿಳಿ ಚುಕ್ಕೆ ಸೂಜಿಮೊನೆಯಷ್ಟಾದಾಗ ಸೊಪ್ಪನ್ನೂ ಶೆಟ್ಲಿಯನ್ನೂ ತಟ್ಟೆಯಲ್ಲಿ ಇಳಿದ ರಸದೊಡನೆ ಸೇರಿಸಿ, ಎರಡು ನಿಮಿಷಕ್ಕೆ ಒಲೆ ಆರಿಸಿ.

ಆಗ ರಸ ತೆಳು ಪಾಯಸದಂತಿರಬೇಕು, ತಟ್ಟೆಗೆ ಹೋಗುವಷ್ಟರಲ್ಲಿ ಪಾಸ್ತಾ ಅದನ್ನೂ ಕುಡಿಯುತ್ತದೆ. ಪಾಸ್ತಾ ಬೇಯುವ ಮೊದಲೇ ನೀರು ಬತ್ತಿದರೆ ಉಳಿದ ಸಿಪ್ಪೆನೀರನ್ನು ಅರ್ಧ ಲೋಟ ಬಿಸಿಯಾಗೇ ಹೊಯ್ಯಿರಿ, ತಣ್ಣೀರು ಕುದಿ ನಿಲ್ಲಿಸಿ ಪಾಸ್ತಾದ ಹೊರಮೈ ಮೆತ್ತಗೆ ಮಾಡುತ್ತದೆ. ನೀರು ಹೆಚ್ಚಾಗಿದ್ದರೆ ಶೆಟ್ಲಿ ಹಾಕುವ ಮೊದಲೇ ಮುಚ್ಚಳ ತೆಗೆದು ದೊಡ್ಡ ಉರಿಯಲ್ಲಿ ಇಂಗಿಸಿ. ಕೊನೆಗೆ ಅರ್ಧ ಲಿಂಬೆ ಹಿಂಡಿ. ಚೀಸ್ ಬೇಡ, ಶೆಟ್ಲಿಯ ಸಿಹಿ ಅದರಲ್ಲಿ ಮುಳುಗಿಹೋಗುತ್ತದೆ.

ಅಘನಾಶಿನಿ ನದಿಯ ಬಳಚು (ಚಿಪ್ಪುಮೀನು) ಸಿಕ್ಕರೆ ಇನ್ನೂ ಚೆನ್ನ. ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ ಒಂದೆರಡು ತಾಸು ನೆನೆಸಿದರೆ ಮರಳು ಬಿಡುತ್ತದೆ. ಬಾಯಿ ತೆರೆದದ್ದು ತಟ್ಟಿದರೂ ಮುಚ್ಚದಿದ್ದರೆ ಎಸೆಯಿರಿ. ಮೊದಲೇ ಅರ್ಧ ಲೋಟ ನೀರಲ್ಲಿ ಮುಚ್ಚಿ ನಾಲ್ಕೈದು ನಿಮಿಷ ಬೇಯಿಸಿ, ಬಾಯಿ ಬಿಡದವನ್ನು ಬಿಸಾಡಿ, ಉಳಿದವನ್ನು ಶೆಟ್ಲಿಯ ಜೊತೆ ಸೇರಿಸಿ. ಆ ನೀರನ್ನೂ ತಳದ ಮರಳು ಬಿಟ್ಟು ಪಾಸ್ತಾಕ್ಕೆ ಹೊಯ್ಯಿರಿ, ಸಿಪ್ಪೆನೀರು ಅಷ್ಟು ಕಡಿಮೆ ಮಾಡಿ. ಅದು ಉಪ್ಪುಪ್ಪಾಗಿರುವುದರಿಂದ ಮುಕ್ಕಾಲು ಚಮಚ ಉಪ್ಪನ್ನು ಮೊದಲು ಹಾಕಬೇಡಿ, ಕೊನೆಗೆ ರುಚಿ ನೋಡಿ ಬೇಕಾದಷ್ಟೇ ಹಾಕಿ.