‘ಅದನ್ನು ಮುಟ್ಬೇಡಿ’: ಇಂಗ್ಲಿಷಿನಲ್ಲಿ ಜಗಳವಾಗದಂತೆ ಹೇಳೋದು ಹೇಗೆ?

ಕನ್ನಡದಲ್ಲಿ ‘ಮುಟ್ಬೇಡ್ರೀ’ ಅಂದರೆ ಸಾಕು, ಆ ‘ರೀ’ ಮರ್ಯಾದೆ ಕಾಯುತ್ತದೆ. ಇಂಗ್ಲಿಷಿನಲ್ಲಿ ‘ರೀ’ ಇಲ್ಲ. ನಮ್ಮವರು ಆಫೀಸಿನಲ್ಲಿ ‘ಡೋಂಟ್ ಟಚ್!’ ಎಂದು ಒದರಿ, ಆಮೇಲೆ ಎದುರಿನವರು ಯಾಕೆ ಮುಖ ಊದಿಸಿಕೊಂಡರು ಎಂದು ತಲೆ ಕೆರೆದುಕೊಳ್ಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು, ಅಪಾಯ ಇದೆಯಾ ನೋಡಿ. ಬಿಸಿ ಪಾತ್ರೆ, ಕರೆಂಟ್ ವೈರ್ ಇದ್ದರೆ ‘ಡೋಂಟ್ ಟಚ್ ದಟ್!’ ಎಂದು ಕಿರುಚಿ. ಪ್ಲೀಸ್ ಗೀಸ್ ಏನೂ ಬೇಡ.

ಎರಡನೆಯದು, ಸಲುಗೆ ಎಷ್ಟಿದೆ? ಗೆಳೆಯ ನಿಮ್ಮ ಚಿಪ್ಸ್‌ಗೆ ಕೈ ಹಾಕಿದರೆ ‘ಹ್ಯಾಂಡ್ಸ್ ಆಫ್!’ ಅನ್ನಿ. ‘ಪಾಜ್ ಆಫ್!’ ಇನ್ನೂ ತಮಾಷೆ, ಅವನ ಕೈಯನ್ನು ಪ್ರಾಣಿಯ ಪಂಜ ಮಾಡಿಬಿಡುತ್ತದೆ. ‘ಕೀಪ್ ಯುವರ್ ಮಿಟ್ಸ್ ಆಫ್’ ಕೂಡ ಇದೇ ಜಾತಿ, ‘ಮಿಟ್ಸ್’ ಅಂದರೂ ಕೈಗಳೇ. ಮೂರನ್ನೂ ನಗುತ್ತಲೇ ಹೇಳಬೇಕು, ಮ್ಯಾನೇಜರ್ ಹತ್ತಿರವಂತೂ ಬೇಡವೇ ಬೇಡ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ‘ಡೋಂಟ್ ಟಚ್ ಬದಲು ಹೀಗೆ ಹೇಳಿ’ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಯಾವುದನ್ನು ಯಾರಿಗೆ ಹೇಳಬೇಕು ಎನ್ನುವುದೇ ಅಲ್ಲಿ ಇರುವುದಿಲ್ಲ. ‘ಕೀಪ್ ಯುವರ್ ಹ್ಯಾಂಡ್ಸ್ ಟು ಯುವರ್‌ಸೆಲ್ಫ್’ ಕೂಡ ಅದರಲ್ಲಿ ಸೇರಿರುತ್ತದೆ. ಅದನ್ನು ಹೇಳುವುದು ಪಕ್ಕದವರನ್ನು ಹೊಡೆಯುವ, ತಳ್ಳುವ ಮಕ್ಕಳಿಗೆ. ದೊಡ್ಡವರಿಗೆ ಹೇಳಿದರೆ ‘ಮೈ ಮುಟ್ಟಬೇಡ’ ಎಂಬ ಆರೋಪವಾಗುತ್ತದೆ. ಸ್ಟೇಪ್ಲರ್ ಉಳಿಸಿಕೊಳ್ಳಲು ಹೋಗಿ ಎಚ್‌ಆರ್ ಮುಂದೆ ನಿಲ್ಲಬೇಕಾದೀತು!

ಯಾರಾದರೂ ಸೆಟ್ಟಿಂಗ್ ಕೆದಕುತ್ತಿದ್ದರೆ ‘ಡೋಂಟ್ ಮೆಸ್ ವಿತ್ ಇಟ್’ ಸರಿ. ‘ಇಟ್’ ಜಾಗದಲ್ಲಿ ‘ಮೀ’ ಬಂದರೆ ಮಾತ್ರ ಅದು ಬೆದರಿಕೆ. ಅಮೆರಿಕದ ಟೆಕ್ಸಸ್‌ನಲ್ಲಿ 1986ರಿಂದ ಟಿ.ವಿ.ಯಲ್ಲಿ ಬಂದ ‘ಡೋಂಟ್ ಮೆಸ್ ವಿತ್ ಟೆಕ್ಸಸ್’ ಈ ಬೆದರಿಕೆಯ ಜೊತೆ ‘ಮೆಸ್’ ಅಂದರೆ ಗಲೀಜು ಎಂಬ ಇನ್ನೊಂದು ಅರ್ಥವನ್ನೂ ಸೇರಿಸಿ ಆಟವಾಡಿತು. ಕೇಳಲು ಪೌರುಷದ ಮಾತು, ಅಸಲಿಗೆ ಹೆದ್ದಾರಿಯಲ್ಲಿ ಕಸ ಎಸೆಯಬೇಡಿ ಎಂಬ ಪ್ರಚಾರ.

ಈಗ ಎಲ್ಲರೂ ಎಡವುವ ಜಾಗ: ಪರಿಚಯ ಕಡಿಮೆ ಇರುವವರಿಗೆ ಹೇಳುವುದು. ‘ಪ್ಲೀಸ್’ ಸೇರಿಸಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಸಾಲದು. ಗಡುಸಾಗಿ ಹೇಳಿದ ‘ಪ್ಲೀಸ್ ಡೋಂಟ್ ಟಚ್ ಇಟ್’ ಮ್ಯೂಸಿಯಂ ಕಾವಲುಗಾರನ ಮಾತಿನಂತಿರುತ್ತದೆ. ‘ವುಡ್ ಯು ಮೈಂಡ್ ನಾಟ್ ಟಚಿಂಗ್ ದಟ್?’ ಅನ್ನಿ. ‘ನಾಟ್’ ಇರಬೇಕಾದ್ದು ‘ಟಚಿಂಗ್’ಗೆ ಮುಂಚೆಯೇ. ಅದನ್ನು ನುಂಗಿದರೆ ‘ಸ್ವಲ್ಪ ಮುಟ್ಟುತ್ತೀರಾ?’ ಎಂದು ನೀವೇ ಕರೆದಂತೆ. ಇದಕ್ಕೆ ಅವರು ‘ನೋ, ನಾಟ್ ಅಟ್ ಆಲ್’ ಅಂದರೆ ಗಾಬರಿಯಾಗಬೇಡಿ. ಅದು ಒಪ್ಪಿಗೆ. ನಿಮಗೆ ಬೇಜಾರಾ ಎಂದು ಕೇಳಿದಿರಿ, ಇಲ್ಲ ಅಂದರು, ಅಷ್ಟೇ.

ಇದು ನಾಲಿಗೆಗೆ ಹೊರಳದಿದ್ದರೆ ‘ಐ’ಡ್ ರಾದರ್ ಯು ಡಿಡಂಟ್ ಟಚ್ ದಟ್’ ಇದೆ. ‘ಡಿಡಂಟ್’ ಕಂಡು ನಿನ್ನೆಯ ಮಾತು ಅಂದುಕೊಳ್ಳಬೇಡಿ, ಹೇಳುತ್ತಿರುವುದು ಈಗಿನದ್ದೇ. ಬಾಲಕ್ಕೊಂದು ಕಾರಣ ಕಟ್ಟಿ: ‘ದ ಪೇಂಟ್ಸ್ ಸ್ಟಿಲ್ ವೆಟ್.’ ನನ್ನ ಪ್ರಕಾರ ಹತ್ತು ಪ್ಲೀಸ್‌ಗಿಂತ ಒಂದು ಕಾರಣ ಜಾಸ್ತಿ ಕೆಲಸ ಮಾಡುತ್ತದೆ.

ನೀವು ಸೀಟಿನಲ್ಲಿ ಇರದಿದ್ದಾಗ ಚೀಟಿ ಅಂಟಿಸಿ. ‘ಡು ನಾಟ್ ಟಚ್’ ಬೋರ್ಡಿಗೆ ಸರಿ, ಸಹೋದ್ಯೋಗಿಗಳಿಗೆ ಒರಟು. ‘ಪ್ಲೀಸ್ ಲೀವ್ ದಿಸ್ ಆನ್, ಟೆಸ್ಟ್ ರನಿಂಗ್’ ಎಂದು ಬರೆದು, ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್ ಹಾಕಿ.