ಮಕ್ಕಳನ್ನು ಬಿಸಿಲಿಗೆ ಬಿಡುವ ಮುನ್ನ ನೆರಳು ಅಳೆಯಿರಿ

ಯುಗಾದಿ ಕಳೆದು ಪರೀಕ್ಷೆಗಳು ಮುಗಿದವೆಂದರೆ ಮಕ್ಕಳು ಮನೆಯೊಳಗೆ ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ಬಿಸಿಲಿನಿಂದ ಮಕ್ಕಳನ್ನು ಕಾಪಾಡುವುದು ಎಂದೊಡನೆ ಅನೇಕರಿಗೆ ಸನ್‌ಸ್ಕ್ರೀನ್ ನೆನಪಾಗುತ್ತದೆ. ವಾಸ್ತವದಲ್ಲಿ ಅದರ ಸರದಿ ಬರುವುದು ಕೊನೆಗೆ. ಮೊದಲು ನೋಡಬೇಕಾದದ್ದು ಹೊತ್ತನ್ನು, ಆಮೇಲೆ ನೆರಳನ್ನು, ಅನಂತರ ಬಟ್ಟೆಯನ್ನು. ಈ ಮೂರೂ ಸರಿಯಿದ್ದರೆ ಕ್ರೀಮ್ ಹಚ್ಚಬೇಕಾದ ಜಾಗ ಬಹಳ ಉಳಿಯುವುದಿಲ್ಲ.

ಹೊತ್ತು ತಿಳಿಯಲು ಗಡಿಯಾರ ಬೇಕಿಲ್ಲ. ಮಗುವನ್ನು ಅಂಗಳದಲ್ಲಿ ನಿಲ್ಲಿಸಿ ಅದರ ನೆರಳನ್ನು ನೋಡಿ. ನೆರಳು ಮಗುವಿಗಿಂತ ಉದ್ದವಾಗಿದ್ದರೆ ಆಟಕ್ಕೆ ಬಿಡಬಹುದು. ಗಿಡ್ಡವಾಗಿದ್ದರೆ ಸೂರ್ಯ ಎತ್ತರಕ್ಕೇರಿದ್ದಾನೆ, ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳು ತೀಕ್ಷ್ಣವಾಗಿವೆ ಎಂದರ್ಥ. ನಮ್ಮಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿನಿಂದ ಮಧ್ಯಾಹ್ನ ಮೂರೂವರೆಯ ಸುಮಾರಿನವರೆಗೆ ನೆರಳು ಹೀಗೆ ಗಿಡ್ಡವಾಗಿರುತ್ತದೆ. ಆದರೆ ನೆರಳು ಹೇಳುವುದು ಕಿರಣದ ಮಾತನ್ನು ಮಾತ್ರ, ಸೆಕೆಯ ಮಾತನ್ನಲ್ಲ. ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆ ಸಂಜೆ ಐದರವರೆಗೂ ನೆಲದ ಕಾವು ಇಳಿದಿರುವುದಿಲ್ಲವಾದ್ದರಿಂದ ಅಲ್ಲಿಯವರು ಇನ್ನಷ್ಟು ತಡೆಯಬೇಕು. ಬೆಂಗಳೂರಿನವರಿಗೆ ಇದರ ತಿರುವುಮುರುವು ತೊಂದರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಗಾಳಿ ತಂಪಾಗಿದ್ದರೂ ಕಿರಣಗಳು ಕರಾವಳಿಗಿಂತ ತುಸು ಪ್ರಬಲವೇ ಆಗಿರುತ್ತವೆ. ತೆಳು ಮೋಡವೂ ಅವನ್ನು ತಡೆಯುವುದಿಲ್ಲ.

ನೆರಳನ್ನು ಹುಡುಕುವಾಗ ಅದು ಸರಿಯುತ್ತದೆಂಬುದು ನೆನಪಿರಲಿ. ಹೊಲದಲ್ಲಿ, ಕಟ್ಟಡದ ಕೆಲಸದ ಜಾಗದಲ್ಲಿ ತಾಯಂದಿರು ಕೂಸಿಗೆ ಸೀರೆಯ ಜೋಳಿಗೆ ಕಟ್ಟುತ್ತಾರೆ. ಬೆಳಿಗ್ಗೆ ಮರದ ಪಡುವಣಕ್ಕಿದ್ದ ನೆರಳು ಹೊತ್ತು ಬಾಗಿದ ಮೇಲೆ ಮೂಡಣಕ್ಕೆ ಬರುತ್ತದೆ. ಜೋಳಿಗೆ ಮಾತ್ರ ಕಟ್ಟಿದಲ್ಲೇ ಇರುತ್ತದೆ. ಆದ್ದರಿಂದ ಹೊಂಗೆ, ಬೇವು, ಹುಣಸೆಯಂಥ ದಟ್ಟ ಮರದ ಒಳಕೊಂಬೆಗೇ ಕಟ್ಟಿ, ಊಟದ ಹೊತ್ತಿಗೊಮ್ಮೆ ಜಾಗ ಬದಲಿಸಬೇಕು. ಬಿಸಿಲು ಬೀಳುತ್ತದೆಂದು ಜೋಳಿಗೆಯ ಮೇಲೋ ತಳ್ಳುಗಾಡಿಯ ಮೇಲೋ ದಪ್ಪ ಬಟ್ಟೆ ಹೊದಿಸಿ ಮುಚ್ಚಿದರೆ ಗಾಳಿಯಾಡದೆ ಒಳಗಿನ ಕಾವು ಏರುತ್ತದೆ. ನಿಲ್ಲಿಸಿದ ಕಾರಿನೊಳಗೆ, ಗಾಜು ತುಸು ಇಳಿಸಿದ್ದರೂ, ಮಗುವನ್ನು ಒಂದು ನಿಮಿಷವೂ ಬಿಟ್ಟು ಹೋಗಬೇಡಿ.

ಆರು ತಿಂಗಳೊಳಗಿನ ಕೂಸಿಗೆ ನೇರ ಬಿಸಿಲು ಬೇಡ. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುವ ರೂಢಿ ಅನೇಕ ಮನೆಗಳಲ್ಲಿದೆ. ಅಜ್ಜಿಯರ ಅಕ್ಕರೆಯನ್ನು ಅಲ್ಲಗಳೆಯುವ ಮಾತಲ್ಲ; ಆದರೆ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ, ವಿಟಮಿನ್ ‘ಡಿ’ಗಾಗಿ ಮೊದಲ ವರ್ಷ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಪ್ರಮಾಣದ ಹನಿಗಳನ್ನು ಮಕ್ಕಳ ವೈದ್ಯರು ಬರೆದುಕೊಡುತ್ತಾರೆ.

ಬಟ್ಟೆ ತೆಳುಬಣ್ಣದ, ಒತ್ತು ನೇಯ್ಗೆಯ, ಸಡಿಲವಾದ, ತುಂಬುತೋಳಿನ ಹತ್ತಿಯದಾಗಿರಲಿ. ಬೆಳಕಿಗೆ ಹಿಡಿದಾಗ ಆಚೆಗಿನ ಬೆರಳು ಕಾಣುವ ಬಟ್ಟೆ ಬಿಸಿಲನ್ನೂ ಒಳಗೆ ಬಿಡುತ್ತದೆ. ಕ್ರಿಕೆಟ್ ಟೋಪಿ ಹಣೆಯನ್ನಷ್ಟೇ ಕಾಯುವುದರಿಂದ ಕಿವಿ, ಕತ್ತು ಮುಚ್ಚುವ ಅಗಲ ಅಂಚಿನ ಟೋಪಿ ಬೇಕು. ಉದ್ಯಾನದ ಜಾರುಬಂಡಿಗೆ ಮಗುವನ್ನು ಹತ್ತಿಸುವ ಮೊದಲು ನಿಮ್ಮ ಅಂಗೈ ಹಿಂಭಾಗವನ್ನು ಅದರ ಮೇಲೆ ಐದು ಎಣಿಸುವಷ್ಟು ಹೊತ್ತು ಇಟ್ಟು ನೋಡಿ. ನಿಮಗೆ ತಾಳಲಾಗದ ತಗಡು ಚಡ್ಡಿ ತೊಟ್ಟ ಮಗುವಿನ ತೊಡೆಯಲ್ಲಿ ಬೊಬ್ಬೆ ಏಳಿಸುತ್ತದೆ.

ಬಟ್ಟೆ ಮುಚ್ಚದ ಜಾಗಗಳಿಗೆ ಮಾತ್ರ ಸನ್‌ಸ್ಕ್ರೀನ್. ಎಸ್‌ಪಿಎಫ್ (ಬಿಸಿಲಿನ ಸುಡುವಿಕೆಯನ್ನು ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನ, ‘ಬ್ರಾಡ್ ಸ್ಪೆಕ್ಟ್ರಮ್’ (ಎರಡೂ ಬಗೆಯ ಅತಿನೇರಳೆ ಕಿರಣ ತಡೆಯುವ) ಎಂದು ಬರೆದಿರುವ, ಜಿಂಕ್ ಆಕ್ಸೈಡ್ ಇರುವ ಕ್ರೀಮ್ ಮಕ್ಕಳ ಚರ್ಮಕ್ಕೆ ಒಗ್ಗುತ್ತದೆ. ಹೊರಡುವ 15–30 ನಿಮಿಷ ಮೊದಲು ಧಾರಾಳವಾಗಿ ಹಚ್ಚಿ; ಕಿವಿಯ ಹಿಂಬದಿ, ಪಾದದ ಮೇಲ್ಭಾಗ ಮರೆತುಹೋಗುವ ಜಾಗಗಳು. ಎರಡು ಗಂಟೆಗೊಮ್ಮೆ, ಈಜಿ ಬಂದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಇಲ್ಲೊಂದು ಮಾತು ಹೇಳಲೇಬೇಕು: ‘ಕಪ್ಪಗಾಗ್ತೀಯ, ಒಳಗೆ ಬಾ’ ಎಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕರೆಯುವುದು ಬೇಡ. ಬಿಸಿಲಿನಿಂದ ಕಾಪಾಡುವುದು ಚರ್ಮ ಸುಡದಿರಲೆಂದು, ಕಣ್ಣು ಕೆಡದಿರಲೆಂದು, ಬಣ್ಣ ಉಳಿಯಲೆಂದಲ್ಲ.

ಆಟದ ಭರದಲ್ಲಿ ಮಕ್ಕಳು ನೀರು ಕೇಳುವುದಿಲ್ಲ. ಬಾಯಾರಿಕೆಗೆ ಕಾಯದೆ 20 ನಿಮಿಷಕ್ಕೊಮ್ಮೆ ಕರೆದು ಕುಡಿಸಿ. ಉಪ್ಪು ಬೆರೆಸಿದ ನೀರುಮಜ್ಜಿಗೆ, ಪಾನಕ, ಎಳನೀರು ನಮ್ಮಲ್ಲಿ ಇದ್ದೇ ಇವೆ. ಎದೆಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಟ್ಟರೆ ಸಾಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದಾಗಿದೆ ಎಂದು ತಿಳಿಯಬೇಕು.

ಮಗು ಸುಸ್ತಾಗಿ ತಲೆನೋವು, ಓಕರಿಕೆ ಎಂದರೆ ಆಟ ನಿಲ್ಲಿಸಿ, ನೆರಳಲ್ಲಿ ಮಲಗಿಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿ. ಮೈ ಕಾದ ಹೆಂಚಿನಂತಾಗಿ ಮಗು ತೊದಲತೊಡಗಿದರೆ, ಕರೆದರೆ ಓಗೊಡದಿದ್ದರೆ, ಅಥವಾ ಫಿಟ್ಸ್ ಬಂದರೆ ಅದು ಬಿಸಿಲಾಘಾತ. ಕೂಡಲೇ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಸುರಿಯುತ್ತ ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿದೀತು.