ಇ20 ಪೆಟ್ರೋಲಿಗೆ ಬೈಯುವ ಮೊದಲು ಟ್ಯಾಂಕ್ ಬಿಚ್ಚಿ ನೋಡಿದೆ

ಆಗಸ್ಟಿನಲ್ಲಿ ಒಂದು ದಿನ ಮಳೆ ಬಿಟ್ಟಿತ್ತು. ಎರಡು ತಿಂಗಳಿಂದ ಮಾವಿನ ಮರದಡಿ ನಿಂತಿದ್ದ ಕಾರನ್ನು ಹೊರಗೆ ತೆಗೆದೆ. 2009ರ 1.6 ಲೀಟರ್ ಪೆಟ್ರೋಲ್ ಸೆಡಾನ್, 2016ರಲ್ಲಿ ಅದರ ಇಸಿಯು (ಎಂಜಿನ್ನಿಗೆ ಎಷ್ಟು ಇಂಧನ ಎಂದು ನಿರ್ಧರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದ್ದು. ಕೇರಳದ ಕಾಸರಗೋಡು ಜಿಲ್ಲೆ ನಮ್ಮದು, ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವಾಗ ಒಂದು ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. 4000 ಆರ್‌ಪಿಎಂ ದಾಟಿದ್ದೇ ಎಂಜಿನ್ ಮುಗ್ಗರಿಸಿತು.

"ಇ20 ಅಲ್ವಾ ಮಾರಾಯ, ಟ್ಯಾಂಕಿನೊಳಗಿನ ಪಂಪ್ ಹೋಗಿರ್ತದೆ" ಎಂದ ಗೆಳೆಯ. ಇ20 ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಕರ್ನಾಟಕದ ಪೆಟ್ರೋಲೇ ಸರಿ ಇಲ್ಲ ಎಂದ ಇನ್ನೊಬ್ಬ. ನಮ್ಮ ಕಡೆಯವರು ತುಂಬಾ ಜನ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ, ಅಲ್ಲಿ ದರ ಕಡಿಮೆ. ಹಾಗಾಗಿ ಎರಡೂ ಕಡೆಯ ಪೆಟ್ರೋಲ್ ತಂದು ಅಂಗಳದಲ್ಲೇ ನೋಡಿದೆ. ಅಳತೆಯ ಗಾಜಿನ ಕೊಳವೆಗೆ 20 ಮಿಲಿ ನೀರು, ಮೇಲಿಂದ 80 ಮಿಲಿ ಪೆಟ್ರೋಲ್. ಕುಲುಕಿ ಇಟ್ಟರೆ ಎಥೆನಾಲ್ ನೀರಿಗೆ ಸೇರುತ್ತದೆ. ಎರಡರಲ್ಲೂ ನೀರಿನ ಗೆರೆ 36ರ ಹತ್ತಿರ ಬಂದು ನಿಂತಿತು. 80 ಮಿಲಿಯಲ್ಲಿ 16 ಮಿಲಿ ಎಥೆನಾಲ್, ಅಂದರೆ ಎರಡೂ ಇ20, ವ್ಯತ್ಯಾಸ ಇಲ್ಲ.

ಆಮೇಲೆ ಪಂಪಿನಿಂದ ಬರುವ ಪೆಟ್ರೋಲಿನ ಒತ್ತಡ ನೋಡಲು ಪ್ರೆಶರ್ ಗೇಜ್ ಕಟ್ಟಿದೆ. ಸುಮ್ನೆ ನಿಂತಾಗ 3.5 ಬಾರ್. ಅದೇ ಏರಿನಲ್ಲಿ 2.6ಕ್ಕೆ ಇಳಿಯಿತು. ಟ್ಯಾಂಕ್ ಖಾಲಿ ಮಾಡಿದಾಗ ಕ್ಯಾನಿನ ತಳದಲ್ಲಿ ಬೇರೆಯೇ ಒಂದು ಪದರ ಕಂಡಿತು. ಮುಚ್ಚಳದ ರಬ್ಬರ್ ಬಿರಿದಿತ್ತು, ಮುಚ್ಚಳದ ಸುತ್ತ ನೀರು ಇಳಿದುಹೋಗುವ ತೂತಿನಲ್ಲಿ ಮಾವಿನ ಹೂವಿನ ಕಸ. ಮಳೆನೀರು ಅಲ್ಲಿ ತುಂಬಿ ಒಳಗಿಳಿದಿದೆ. ಎಥೆನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರಿನ ಜೊತೆ ತಾನೂ ತಳ ಸೇರುತ್ತದೆ. ಪಂಪ್ ಎಳೆಯುವುದು ತಳದಿಂದಲೇ.

ಆದರೆ ಒತ್ತಡ ಇಳಿದದ್ದಕ್ಕೆ ಇನ್ನೊಂದು ಕಾರಣ ಇತ್ತು. ಎರಡು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಟ್ಯಾಂಕಿನ ಒಳಗಿನ ಪೈಪ್ ಬದಲಿಸಿದ್ದರು. ಹಾಕಿದ್ದು ಹೊರಗೆ ಬಳಸುವ ಪೈಪ್. ಅದರ ಒಳಪದರ ಪೆಟ್ರೋಲ್ ತಡೆಯುತ್ತದೆ, ಹೊರಪದರ ಅದರಲ್ಲೇ ಮುಳುಗಿರಲು ಆಗುವುದಿಲ್ಲ. ಈಗ ಅದು ಉಬ್ಬಿ ಮೆತ್ತಗಾಗಿ ಕ್ಲಾಂಪಿನ ಹತ್ತಿರ ಸೀಳಿತ್ತು. ಪಂಪ್ ಕೊಟ್ಟ ಪೆಟ್ರೋಲಿನ ಒಂದು ಪಾಲು ಟ್ಯಾಂಕಿಗೇ ವಾಪಸ್. ಪಂಪ್ ಚೆನ್ನಾಗಿಯೇ ಇತ್ತು. ಇದನ್ನು ನೋಡದೆ ಹೊಸ ಪಂಪ್ ಹಾಕಿಸಿದ್ದರೆ ಅದೂ ಹೀಗೇ ಮುಗ್ಗರಿಸುತ್ತಿತ್ತು.

ಟ್ಯಾಂಕಿನೊಳಗೆ ಹಾಕಲೆಂದೇ ಬರುವ ಎಸ್‌ಎಇ ಜೆ30 ಆರ್10 ಪೈಪ್ ತರಿಸಿದೆ. ಓ-ರಿಂಗ್‌ಗಳನ್ನು ಎಥೆನಾಲ್ ತಡೆಯುವ ವೈಟಾನ್ ರಬ್ಬರಿನವಕ್ಕೆ ಬದಲಿಸಿದೆ. ಜಾಲರಿ, ಫಿಲ್ಟರ್, ಮುಚ್ಚಳ ಹೊಸದು.

ಮುಗಿಯಿತು ಅಂದುಕೊಂಡೆ. ಸ್ಕ್ಯಾನರ್‌ನಲ್ಲಿ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಇಂಧನ ಕೊಡುತ್ತಿದೆ ಎಂಬುದು, ಇನ್ನೂ ಶೇ +7ರಲ್ಲಿ ನಿಂತಿತ್ತು. ಇದು ಮಾತ್ರ ನಿಜವಾಗಿಯೂ ಎಥೆನಾಲಿನ ಲೆಕ್ಕ. 1 ಕೆಜಿ ಬರಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಇ20ಗೆ ಸುಮಾರು 13.5. ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಸರಿ ಮಾಡಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ನನ್ನ ಕಾರಿನಲ್ಲಿ ಆ ಸೆನ್ಸರನ್ನು ನೋಡುವುದೇ ಇಲ್ಲ, 2016ರ ಟ್ಯೂನಿನಲ್ಲಿ ಬರೆದಷ್ಟೇ ಕೊಡುತ್ತದೆ. ಆಗ ಪೆಟ್ರೋಲಿನಲ್ಲಿ ಎಥೆನಾಲ್ ತೀರಾ ಕಡಿಮೆ ಇತ್ತು. ಜೋರಾಗಿ ಓಡಿಸುವವರು ಹೆದರಬೇಕಾದ್ದು ಇಲ್ಲಿ. ಇಂಧನ ಸಾಲದೆ ಎಂಜಿನ್ ಬಿಸಿಯಾಗುತ್ತದೆ, ಏನೂ ಗೊತ್ತಾಗುವುದಿಲ್ಲ.

ಮಂಗಳೂರಿಗೆ ಹೋಗಿ ಟ್ಯೂನ್ ತಿದ್ದಿಸಿದೆ. ಮೈಲೇಜ್ ಸ್ವಲ್ಪ ಇಳಿದಿದೆ, ನಿಜ. ಆದರೆ ಎಥೆನಾಲಿನ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣ) ಹೆಚ್ಚು, ನಾಕಿಂಗ್ (ಹಾಗೆ ಹೊತ್ತಿದಾಗಿನ ಟಕಟಕ ಸದ್ದು) ಈಗ ಕೇಳುವುದೇ ಇಲ್ಲ. ವಾಪಸ್ ಬಂದು ಗೇಜ್ ಕಟ್ಟಿಕೊಂಡೇ ಮುಳ್ಳೇರಿಯದ ಏರು ಹತ್ತಿದೆ. ಮುಳ್ಳು 3.5 ಬಿಟ್ಟು ಕದಲಲಿಲ್ಲ.